ಮುನಿದ ಆಟಗಾರನ ಬೆಲೆ

ಕನ್ನಡದಲ್ಲಿ ವಿಮರ್ಶೆಯನ್ನು ಓದುವವರು ದಿನೇ ದಿನೇ ವಿರಳವಾಗುತ್ತಿದ್ದಾರೆಂದು ವಿಷಾದಪಡುವ ನಮ್ಮ ವಿದ್ವಾಂಸರು, ಇದೇ ನಾಡಿನ ಬಸ್ ನಿಲ್ದಾಣಗಳಲ್ಲಿಯೂ ಚಹದಂಗಡಿಗಳಲ್ಲಿಯೂ ಯಾರ ಪ್ರೇರಣೆಯನ್ನೂ ಯಾವ ಗೌರವಧನವನ್ನೂ ಅಪೇಕ್ಷಿಸದೆ ಪ್ರತಿನಿತ್ಯ ನಡೆಯುತ್ತಿರುವ ಮತ್ತೊಂದು ಬಗೆಯ ವಿಮರ್ಶೆಗೆ ಕಿವಿಗೊಟ್ಟಂತೆ ಕಾಣುವುದಿಲ್ಲ. ಆಟವನ್ನು ಪ್ರೀತಿಸುವ ಜನ ಆಟಗಾರನ ಗುಣದೋಷಗಳನ್ನು ಕುರಿತು ಹೂಡುವ ವಾದವೇ ಆ ವಿಮರ್ಶೆ. ವಸ್ತುವಿನ ನಿಕಟ ಪರಿಚಯ, ಪೂರ್ವವೃತ್ತಾಂತದ ಸ್ಮರಣೆ, ತುಲನೆ, ಬೆಲೆಕಟ್ಟುವಿಕೆ, ಪ್ರತಿಪಕ್ಷದ ಖಂಡನೆ ಇವೆಲ್ಲವೂ ಅದರಲ್ಲಿ ಉಂಟು. ಮುದ್ರಣವೊಂದು ಮಾತ್ರ ಇಲ್ಲ. ಅದರ ಒಂದು ವಿಶೇಷ ಪ್ರಭೇದವನ್ನು, ಎಂದರೆ ತನ್ನ ತಂಡದ ಮೇಲೆ ಮನಸ್ಸು ಮುರಿದುಕೊಂಡ ಪ್ರಖ್ಯಾತ ಆಟಗಾರನೊಬ್ಬನನ್ನು ಬೇರೊಂದು ತಂಡ ಬರಮಾಡಿಕೊಳ್ಳಬೇಕೆ, ಬೇಡವೆ, ಬರಮಾಡಿಕೊಳ್ಳುವುದಾದರೆ ಯಾರನ್ನು ಕೊಟ್ಟು ಎಷ್ಟು ತೆತ್ತು ಎಂಬ ಚರ್ಚೆಯನ್ನು, ಒಂದು ಕೃತಿಯನ್ನು ಪರೀಕ್ಷಿಸುವಷ್ಟೇ ಗಂಭೀರವಾಗಿ ಪರೀಕ್ಷಿಸುವುದು ಅನುಚಿತವಾಗಲಾರದೆಂದು ನನ್ನ ನಂಬಿಕೆ.

ಅಂತಹ ಚರ್ಚೆಯನ್ನು ಕೇಳುವುದಕ್ಕೆ ಮಾಕುಟ್ಟಕ್ಕಿಂತ ಪ್ರಶಸ್ತವಾದ ಸ್ಥಳ ನಮ್ಮ ರಾಜ್ಯದಲ್ಲಿ ಸುಲಭವಾಗಿ ದೊರೆಯದು. ವಿರಾಜಪೇಟೆಯ ಕಡೆಯಿಂದ ಪೆರುಂಬಾಡಿಯನ್ನು ದಾಟಿ ಬಂದ ರಸ್ತೆ, ನಿತ್ಯಹರಿದ್ವರ್ಣದ ಕಾಡಿನ ನಡುವೆ ತಿರುವಿನ ಮೇಲೆ ತಿರುವು ಕಳೆದು ಘಟ್ಟವನ್ನು ಇಳಿದು ಮುಗಿಸುವ ಹೊತ್ತಿಗೆ ಮಾಕುಟ್ಟದ ತಪಾಸಣಾ ಠಾಣೆ ಎದುರಾಗುತ್ತದೆ; ಅಲ್ಲಿಂದಾಚೆಗೆ ಕೂಟುಪುಳೆಯ ಸೇತುವೆ, ಸೇತುವೆಯ ಆ ಕಡೆಗೆ ಕೇರಳ, ಮುಂದೆ ಇರಿಟ್ಟಿ, ಕಣ್ಣೂರು, ತಲಶ್ಶೇರಿ. ಮಳೆಗಾಲದಲ್ಲಿ ಘಟ್ಟ ಜರಿದು ಈ ದಾರಿ ಮುಚ್ಚಿಹೋದುದುಂಟು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭೀತಿಯಿಂದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದು ಸರ್ಕಾರವೇ ಇದನ್ನು ಮುಚ್ಚಿದುದೂ ಉಂಟು. ಮಿಕ್ಕ ಕಾಲದಲ್ಲಿ ಎರಡೂ ರಾಜ್ಯಗಳ ಬಸ್ಸುಗಳೂ, ತರಕಾರಿ ಜಲ್ಲಿ ಮರಮುಟ್ಟುಗಳನ್ನು ಹೇರಿಕೊಂಡ ಲಾರಿಗಳೂ ಇಲ್ಲಿ ನಿಂತು ಮುಂದುವರಿಯಬೇಕಾದ ಕಾರಣ, ಕನ್ನಡ, ಮಲಯಾಳ, ಕೊಡವತಕ್ಕ್ ಎಂಬ ಮೂರು ಭಾಷೆಗಳಲ್ಲಿ ಯಾವುದನ್ನು ಆಡಿದರೂ ಉತ್ತರ ಕೊಡಬಲ್ಲ ಜನ ಒಂದೇ ಬೆಂಚಿನ ಮೇಲೆ ಕುಳಿತಿರುವುದು ಸಾಮಾನ್ಯ. ಒಬ್ಬನ ಮೈಮೇಲೆ ಬೆಂಗಳೂರಿನ ಕೆಂಪು ಜೆರ್ಸಿ, ಇನ್ನೊಬ್ಬನ ಮೈಮೇಲೆ ಚೆನ್ನೈಯ ಹಳದಿ. ಕಾಲ್ಚೆಂಡಿನ ಋತುವಿನಲ್ಲಿ ಅದೇ ಹಳದಿ ಕೇರಳ ಬ್ಲಾಸ್ಟರ್ಸ್‌ನದು.

2025ರ ಆಗಸ್ಟಿನಿಂದ ನವೆಂಬರಿನ ಮಧ್ಯದವರೆಗೆ ಈ ಬೆಂಚು ಚರ್ಚಿಸಿದ ವಿಷಯ ಒಂದೇ. ಐಪಿಎಲ್ ಕ್ರಿಕೆಟ್ಟಿನ ರಾಜಸ್ಥಾನ ರಾಯಲ್ಸ್ ತಂಡದ ನಾಯಕನಾಗಿದ್ದ ಸಂಜು ಸ್ಯಾಮ್ಸನ್ ತನ್ನನ್ನು ಬಿಟ್ಟುಕೊಡಬೇಕೆಂದು ತಂಡದವರನ್ನು ಕೇಳಿದ್ದಾನೆಂಬ ವರದಿ ಆಗಸ್ಟಿನಲ್ಲಿ ಹಬ್ಬಿತು. ತಿರುವನಂತಪುರದ ಕಡಲ ತೀರದಿಂದ ಬಂದ ಈ ವಿಕೆಟ್ ಕೀಪರ್ 2013ರಿಂದ ಆ ತಂಡದಲ್ಲಿದ್ದವನು, ತಂಡವೇ ಅಮಾನತಿನಲ್ಲಿದ್ದ 2016 ಮತ್ತು 2017ನ್ನು ಬಿಟ್ಟರೆ ಹನ್ನೊಂದು ಋತುಗಳನ್ನು ಅಲ್ಲಿಯೇ ಆಡಿದವನು, 2021ರಿಂದ ನಾಯಕ, 2022ರಲ್ಲಿ ತಂಡವನ್ನು ಅಂತಿಮ ಪಂದ್ಯದವರೆಗೆ ಕೊಂಡೊಯ್ದವನು. ಅಂತಹವನು ಹೊರಡುತ್ತೇನೆಂದರೆ ಕಾರಣವೇನು, ಅವನನ್ನು ಕೊಳ್ಳುವ ಯೋಗ್ಯತೆ ಯಾರಿಗಿದೆ, ಚೆನ್ನೈ ಕೊಂಡರೆ ಬದಲಿಗೆ ಯಾರನ್ನು ಕೊಡಬೇಕು ಎಂಬ ಪ್ರಶ್ನೆಗಳು ಮೂರು ತಿಂಗಳಿಗೂ ಮೀರಿದ ಕಾಲ ಉತ್ತರವಿಲ್ಲದೆ ತೂಗಾಡಿದವು. ಚರ್ಚೆಗೆ ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಇಲ್ಲ, ಏಕೆಂದರೆ ಉತ್ತರ ಬಂದೊಡನೆ ಚರ್ಚೆ ಸಾಯುತ್ತದೆ.

ಮೊದಲು ಈ ವಿಮರ್ಶಕರ ಸಾಮರ್ಥ್ಯವನ್ನು ಒಪ್ಪಿಕೊಳ್ಳಬೇಕು. ಮುನಿಸಿನ ಮೂಲ ಯಾವುದೆಂದು ಹುಡುಕುವಾಗ ಅವರು ತೋರಿದ ಸೂಕ್ಷ್ಮತೆ ಅನೇಕ ಪತ್ರಿಕಾ ಅಂಕಣಗಳಲ್ಲಿ ಇರಲಿಲ್ಲ. ಒಂದು ಸಂಜೆ, ವಿರಾಜಪೇಟೆಯ ಕಡೆಯ ಲಾರಿ ಚಾಲಕನೊಬ್ಬ, ಗಾಜಿನ ಲೋಟದ ಕಟ್ಟಂಚಹವನ್ನು ಆರಿಸಿಕೊಳ್ಳುತ್ತ, "ಮನಸ್ಸಿಲ್ಲದವನನ್ನು ಹಿಡಿದಿಟ್ಟುಕೊಂಡು ಏನು ಮಾಡ್ತಾರೆ ಚೇಟ್ಟಾ, ಕಳಿಸಿಬಿಡಲಿ" ಎಂದನು. ಇರಿಟ್ಟಿಯ ವ್ಯಾಪಾರಿ ಲೋಟವನ್ನು ಬೆಂಚಿನ ಮೇಲಿಟ್ಟು ತನ್ನ ಗಡಿನಾಡಿನ ಕನ್ನಡದಲ್ಲಿ, "ಮನಸ್ಸು ಯಾಕೆ ಹೋಯ್ತು, ಅದು ಹೇಳಿ ಅಣ್ಣಾ. ಹದಿನಾಲ್ಕು ವರ್ಷದ ಹುಡುಗ ಬಂದ ಅಂತ ಮನೆ ಯಜಮಾನನ ಚಾಪೆ ಜಗಲಿಗೆ ಹಾಕಿದ್ರೆ ಅವನು ಎಷ್ಟು ದಿನ ಮಲಗ್ತಾನೆ?" ಎಂದು ಮರುಪ್ರಶ್ನೆ ಹಾಕಿದನು. ಈ ಒಂದು ವಾಕ್ಯದಲ್ಲಿ ಇಡೀ ಪ್ರಕರಣದ ಅಂತರಂಗ ಅಡಗಿದೆ.

ಅದನ್ನು ಬಿಡಿಸಿ ನೋಡೋಣ. 2024ರಲ್ಲಿ ಜೋಸ್ ಬಟ್ಲರ್ ಮತ್ತು ಯಶಸ್ವಿ ಜೈಸ್ವಾಲ್ ಆರಂಭಿಕರಾಗಿದ್ದ ಕಾರಣ ಮೂರನೆಯ ಕ್ರಮಾಂಕದಲ್ಲಿ ಆಡಿದ ಸಂಜು 531 ರನ್ ಗಳಿಸಿದನು. ಮುಂದಿನ ಋತುವಿಗೆ ಬಟ್ಲರ್‌ನನ್ನು ಬಿಟ್ಟುಕೊಟ್ಟಾಗ, ಅದು ತನಗೆ ಅತ್ಯಂತ ಕಷ್ಟದ ನಿರ್ಧಾರವಾಗಿತ್ತೆಂದು ಸಂಜುವೇ ಹೇಳಿಕೊಂಡನು. ಆ ಹೊತ್ತಿಗೆ ಭಾರತ ತಂಡದ ಪರವಾಗಿ ಇನಿಂಗ್ಸ್ ಆರಂಭಿಸಿ 2024ರ ಅಕ್ಟೋಬರ್ ನವೆಂಬರುಗಳಲ್ಲಿ ಹೈದರಾಬಾದು, ಡರ್ಬನ್, ಜೊಹಾನೆಸ್‌ಬರ್ಗುಗಳಲ್ಲಿ ಮೂರು ಟಿ20 ಶತಕಗಳನ್ನು ಬಾರಿಸಿದ್ದ ಅವನು ರಾಜಸ್ಥಾನದಲ್ಲಿಯೂ ಆರಂಭಿಕನಾದುದು ಸಹಜ. ಆದರೆ ಏಪ್ರಿಲ್ ಮಧ್ಯದಲ್ಲಿ ಪಕ್ಕೆಯ ನೋವಿನಿಂದ ಅವನು ಹೊರಗುಳಿದನು. ಅವನ ಜಾಗಕ್ಕೆ ಬಂದ ವೈಭವ್ ಸೂರ್ಯವಂಶಿ ಎದುರಿಸಿದ ಮೊದಲ ಎಸೆತವನ್ನೇ ಸಿಕ್ಸರಿಗೆ ಎತ್ತಿ, ಏಪ್ರಿಲ್ 28ರಂದು ಜೈಪುರದಲ್ಲಿ ಗುಜರಾತಿನ ವಿರುದ್ಧ 35 ಎಸೆತಗಳಲ್ಲಿ ಶತಕ ಮುಗಿಸಿದನು. ಆ ಬಾಲಕನ ವಯಸ್ಸು ಹದಿನಾಲ್ಕು. ಗಾಯ ಮಾಗಿ ಬಂದ ನಾಯಕನಿಗೆ ತನ್ನ ತಂಡದಲ್ಲಿ ತನ್ನ ಜಾಗವೇ ಇರಲಿಲ್ಲ. ಮಾಕುಟ್ಟದಲ್ಲಿ ಚರ್ಚೆ ನಡೆಯುತ್ತಿದ್ದ ಸೆಪ್ಟೆಂಬರಿನಲ್ಲಿಯೇ, ಏಷ್ಯಾ ಕಪ್ಪಿಗಾಗಿ ಶುಭಮನ್ ಗಿಲ್ ಆರಂಭಿಕನಾಗಿ ಮರಳಿದುದರಿಂದ, ಭಾರತ ತಂಡದಲ್ಲಿಯೂ ಸಂಜು ಮಧ್ಯಮ ಕ್ರಮಾಂಕಕ್ಕೆ ಇಳಿಯಬೇಕಾಯಿತು.

ಆದುದರಿಂದ ಅವನ ಮುನಿಸನ್ನು ಸ್ವಭಾವದೋಷವೆಂದು ಕರೆಯುವುದು ಅವಿಚಾರ. ಕೆಲವು ಸ್ಥಾನಗಳ ರಚನೆಯಲ್ಲಿಯೇ ಮುನಿಸು ಅಡಕವಾಗಿರುತ್ತದೆ. ಅಮೆರಿಕದ ಫುಟ್‌ಬಾಲಿನಲ್ಲಿ ರಿಸೀವರ್ ಎಂಬ ಆಟಗಾರನ ಸ್ಥಿತಿ ಇದಕ್ಕೆ ಪರಮ ನಿದರ್ಶನ: ಅವನು ಎಷ್ಟೇ ವೇಗವಾಗಿ ಓಡಿ ಕಾವಲುಗಾರನನ್ನು ಹಿಂದಿಕ್ಕಿದರೂ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅವನತ್ತ ಎಸೆಯದಿದ್ದರೆ ಆ ಓಟ ಲೆಕ್ಕಕ್ಕೆ ಬರುವುದಿಲ್ಲ. ಪರಾಧೀನನಾದ ಪ್ರತಿಭಾವಂತ ದೂರುವುದು ಅಲ್ಲಿ ನಿತ್ಯದ ಸಂಗತಿ. ಅವನನ್ನು ಯಾರಿಗೆ ಎಷ್ಟಕ್ಕೆ ಸಾಗಹಾಕಬೇಕೆಂದು ಅಭಿಮಾನಿಗಳು ವಾದಿಸುವುದೂ ಅಷ್ಟೇ ನಿತ್ಯ. ರ‍್ಯಾಂಡಿ ಮಾಸ್ ಎಂಬ ರಿಸೀವರ್ ಓಕ್ಲೆಂಡಿನಲ್ಲಿ ಉತ್ಸಾಹಗುಂದಿದವನೆಂಬ ಹೆಸರು ಹೊತ್ತಿದ್ದ ಕಾಲದಲ್ಲಿ, 2007ರಲ್ಲಿ, ನ್ಯೂ ಇಂಗ್ಲೆಂಡ್ ತಂಡ ಅವನನ್ನು ಹೊಸಬರ ಆಯ್ಕೆಯ ನಾಲ್ಕನೆಯ ಸುತ್ತಿನ ಒಂದೇ ಒಂದು ಅವಕಾಶವನ್ನು ಕೊಟ್ಟು ಪಡೆಯಿತು. ಅಂದರೆ ಬಹುಮಟ್ಟಿಗೆ ಪುಕ್ಕಟೆ. ಆ ಋತುವಿನಲ್ಲಿಯೇ ಅವನು 23 ಟಚ್‌ಡೌನ್ ಹಿಡಿದು ದಾಖಲೆ ಸ್ಥಾಪಿಸಿದನು. ಕಾಲುಗಳು ಅವೇ, ಕೈಗಳು ಅವೇ. ಬದಲಾದುದು ಎಸೆಯುವ ಕೈ. ಮಾರುಕಟ್ಟೆ ಕಟ್ಟಿದ್ದ ಬೆಲೆ ಆಟದ್ದಾಗಿರಲಿಲ್ಲ, ಮುಖಭಾವದ್ದಾಗಿತ್ತು.

ಮಾಕುಟ್ಟದ ಚರ್ಚೆ ಇಷ್ಟು ದೂರ ಚೆನ್ನಾಗಿಯೇ ನಡೆಯುತ್ತದೆ. ಬ್ಯಾಟಿಂಗ್ ಕ್ರಮಾಂಕ, ಎಡಗೈ ಬಲಗೈಗಳ ಜೋಡಿ, ನಲವತ್ತನಾಲ್ಕು ದಾಟಿದ ಧೋನಿಯ ನಂತರ ಚೆನ್ನೈಗೆ ಕೀಪರ್ ಯಾರು, ಹರಾಜಿಗೆ ಉಳಿಯುವ ಹಣವೆಷ್ಟು ಎಂಬ ವಿಷಯಗಳಲ್ಲಿ ಒಬ್ಬೊಬ್ಬರೂ ಪಂಡಿತರು. 2020ರ ಸೆಪ್ಟೆಂಬರಿನಲ್ಲಿ ಶಾರ್ಜಾದಲ್ಲಿ ಇದೇ ಸಂಜು ಇದೇ ಚೆನ್ನೈಯ ವಿರುದ್ಧ 32 ಎಸೆತಗಳಲ್ಲಿ ಒಂಬತ್ತು ಸಿಕ್ಸರುಗಳೊಡನೆ 74 ಹೊಡೆದುದನ್ನು, ಸಾಕ್ಷ್ಯ ಕೇಳದೆಯೇ ನೆನಪಿನಿಂದ ಹೇಳುವವರು ಅಲ್ಲಿದ್ದರು. ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಗುಣಪರೀಕ್ಷೆಯಿಂದ ಬೆಲೆಪರೀಕ್ಷೆಗೆ ಹೊರಳಿದ ಕ್ಷಣವೇ ವಿಮರ್ಶಕನ ಸರ್ವನಾಮ ಬದಲಾಗುತ್ತದೆ: 'ಅವರು' ಹೋಗಿ 'ನಾವು' ಬರುತ್ತದೆ. "ನಾವು ಹದಿನೆಂಟು ಕೋಟಿ ಕೊಟ್ಟು ಇವನನ್ನು ತಗೊಂಡ್ರೆ ಬೌಲರಿಗೆ ಏನು ಉಳೀತದೆ?" ಎಂದು ಚಿಂತಾಕ್ರಾಂತನಾಗಿ ಕೇಳಿದ ಹಳದಿ ಜೆರ್ಸಿಯ ಯುವಕ, ಎರಡು ನಿಮಿಷದ ಹಿಂದೆ ಪಯಂಪೊರಿಯ ದರ ಏರಿತೆಂದು ಅಂಗಡಿಯವನೊಡನೆ ಜಗಳವಾಡಿದ್ದನು. ಪರರ ಧನವನ್ನು ಇಷ್ಟು ಮಮತೆಯಿಂದ ಎಣಿಸುವ ಜನ ಬ್ಯಾಂಕುಗಳ ಹೊರಗೆ ದುರ್ಲಭ.

ಮಾಲೀಕನ ಕುರ್ಚಿಯಲ್ಲಿ ಕುಳಿತು ಮಾತಾಡುವ ಈ ಅಭ್ಯಾಸ ನಿರಪಾಯಕರವಾದ ವಿನೋದವೆಂದು ತೋರಬಹುದು. ಅದರ ಪರಿಣಾಮ ವಿನೋದದ್ದಲ್ಲ. 1969ರ ಅಕ್ಟೋಬರಿನಲ್ಲಿ, ಹನ್ನೆರಡು ವರ್ಷ ಸೇಂಟ್ ಲೂಯಿಸ್ ತಂಡಕ್ಕೆ ಆಡಿದ್ದ ಕರ್ಟ್ ಫ್ಲಡ್ ಎಂಬ ಬೇಸ್‌ಬಾಲ್ ಆಟಗಾರನನ್ನು ಅವನ ಅಭಿಪ್ರಾಯ ಕೇಳದೆ ಫಿಲಡೆಲ್ಫಿಯಾಕ್ಕೆ ವಿನಿಮಯ ಮಾಡಲಾಯಿತು. ತಾನು ಕೊಳ್ಳುವ ಮಾರುವ ಸ್ವತ್ತಲ್ಲವೆಂದು ಆ ವರ್ಷದ ಡಿಸೆಂಬರಿನಲ್ಲಿ ಆಟದ ಅಧಿಪತಿಗೆ ಪತ್ರ ಬರೆದು, ಅವನು ನ್ಯಾಯಾಲಯದ ಮೆಟ್ಟಿಲೇರಿದನು; 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ಮೂರರ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಅಷ್ಟು ಸಂಬಳ ಪಡೆಯುವವನು ದೂರುವುದೇಕೆಂಬ ಪ್ರಶ್ನೆಯನ್ನು ಅವನೂ ಎದುರಿಸಿದನು, ಸಂಜುವಿನ ವಿಷಯದಲ್ಲಿ ಮಾಕುಟ್ಟದಲ್ಲಿ ಕೇಳಿದುದೂ ಅದನ್ನೇ. ನಮ್ಮ ಐಪಿಎಲ್ ಈ ವಿಷಯದಲ್ಲಿ ಒಂದು ಮೆಟ್ಟಿಲು ಮೇಲಿದೆಯೆಂದೇ ಹೇಳಬೇಕು: ವಿನಿಮಯಕ್ಕೆ ಆಟಗಾರನ ಸಮ್ಮತಿ ಅವಶ್ಯ. ಆದರೆ ಅವನ ಸಮ್ಮತಿಯೊಂದೇ ಸಾಲದು. ಬಿಟ್ಟುಕೊಡುವ ತಂಡ ಒಪ್ಪದಿದ್ದರೆ ಅವನು ಹೊರಡುವಂತಿಲ್ಲ. 'ಬೇಡ' ಎನ್ನುವ ಅಧಿಕಾರ ಅವನಿಗುಂಟು, 'ಹೋಗುತ್ತೇನೆ' ಎನ್ನುವ ಅಧಿಕಾರವಿಲ್ಲ. ಈ ಸೂಕ್ಷ್ಮಭೇದವನ್ನು ಮೂರು ತಿಂಗಳ ಚರ್ಚೆಯಲ್ಲಿ ಒಬ್ಬರೂ ಎತ್ತಿದುದು ನನ್ನ ಕಿವಿಗೆ ಬೀಳಲಿಲ್ಲ.

ಈ ಚರ್ಚೆಯ ಮುಖ್ಯ ದೋಷ ಇನ್ನೂ ಆಳದ್ದು. ಅದನ್ನು ಕಾಣಲು ಕೊಡಗಿನ ಮತ್ತೊಂದು ಆಟದ ಕಡೆ ನೋಡಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಅಂದು ಅರುವತ್ತು ಕುಟುಂಬಗಳದಾಗಿತ್ತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಗೆ 360 ತಂಡಗಳು ಹೆಸರು ಕೊಟ್ಟವು. ಅಲ್ಲಿ ತಂಡವೆಂದರೆ ಒಕ್ಕ. ಭಾರತದ ಪರವಾಗಿ ಆಡಿ ಬಂದ ಮೇಟಿಯಾಟಗಾರನೂ, ಕೋಲು ಹಿಡಿಯಲು ಈಗ ಕಲಿತ ಶಾಲಾಬಾಲಕನೂ, ಹೊಟ್ಟೆ ಬೆಳೆಸಿದ ಕಾಫಿ ತೋಟದ ಯಜಮಾನನೂ ಒಂದೇ ಮನೆಹೆಸರಿನ ಕೆಳಗೆ ಕಣಕ್ಕಿಳಿಯುತ್ತಾರೆ. ಅಲ್ಲಿ ಹರಾಜಿಲ್ಲ, ವಿನಿಮಯವಿಲ್ಲ. ಒಕ್ಕದ ಮೇಲೆ ಮುನಿದವನು ಪಂದ್ಯಕ್ಕೆ ಬಾರದೆ ಇರಬಹುದೇ ಹೊರತು ಪಕ್ಕದ ಒಕ್ಕಕ್ಕೆ ಆಡುವಂತಿಲ್ಲ. ಹುಟ್ಟಿನಿಂದ ಬಂದ ಸಂಬಂಧಕ್ಕೆ ಬೆಲೆಚೀಟಿ ಇಲ್ಲವಾದ್ದರಿಂದ ಅಲ್ಲಿ ನಿಷ್ಠೆಯನ್ನು ನಿರೀಕ್ಷಿಸುವುದು ನ್ಯಾಯ. ಸೋತ ತಂಡವನ್ನು ವಿಸರ್ಜಿಸುವ ಅಧಿಕಾರ ಯಾರಿಗೂ ಇಲ್ಲವಾದ್ದರಿಂದ ಅಲ್ಲಿ ನಿಷ್ಠೆ ಎರಡೂ ಕಡೆಯಿಂದ ಸಲ್ಲುತ್ತದೆ.

ನಮ್ಮ ಅಭಿಮಾನಿ ಮಾಡುವುದೇನೆಂದರೆ, ಒಕ್ಕದ ಅಳತೆಗೋಲನ್ನೂ ಮಾರುಕಟ್ಟೆಯ ಅಳತೆಗೋಲನ್ನೂ ಒಂದೇ ಚೀಲದಲ್ಲಿಟ್ಟುಕೊಂಡು, ಸಂದರ್ಭಕ್ಕೆ ಅನುಕೂಲವಾದುದನ್ನು ಹೊರತೆಗೆಯುವುದು. ಆಟಗಾರ ಹೋಗುತ್ತೇನೆಂದಾಗ ಒಕ್ಕದ ಅಳತೆ: 'ಬೆಳೆಸಿದ ಮನೆಗೆ ದ್ರೋಹ.' ತಂಡ ಅವನನ್ನು ಬಿಟ್ಟಾಗ ಮಾರುಕಟ್ಟೆಯ ಅಳತೆ: 'ವಯಸ್ಸಾಯಿತು, ದುಡ್ಡು ಉಳಿಯಿತು.' ಯಾವುದಾದರೂ ಒಂದನ್ನು ಆದ್ಯಂತವಾಗಿ ಹಿಡಿದವನೊಡನೆ ನಾನು ವಾದಿಸಬಲ್ಲೆ. ಎರಡನ್ನೂ ಹಿಡಿದವನು ಎಂದೂ ಸೋಲುವುದಿಲ್ಲ, ಆದ್ದರಿಂದಲೇ ಅವನ ವಿಮರ್ಶೆಗೆ ಬೆಲೆಯಿಲ್ಲ.

ಈ ದ್ವಂದ್ವವನ್ನು ನಾವು ಕನ್ನಡಿಗರು ಕೆ.ಎಲ್. ರಾಹುಲ್‌ನ ವಿಷಯದಲ್ಲಿ ಯಥೇಚ್ಛವಾಗಿ ಪ್ರದರ್ಶಿಸಿದೆವು. ಸುರತ್ಕಲ್ಲಿನ ಎಂಜಿನಿಯರಿಂಗ್ ವಿದ್ಯಾಸಂಸ್ಥೆಯ ಆವರಣದಲ್ಲಿ ಪ್ರಾಧ್ಯಾಪಕರ ಮಗನಾಗಿ ಬೆಳೆದ ರಾಹುಲ್ 2016ರಲ್ಲಿ ಬೆಂಗಳೂರು ತಂಡದಲ್ಲಿದ್ದು 397 ರನ್ ಗಳಿಸಿದವನು; 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬಿಗೆ ಹೋದಾಗ ಅವನನ್ನು ಬಿಟ್ಟುದರ ಬಗ್ಗೆ ದೊಡ್ಡ ಗದ್ದಲವಾದುದು ನನ್ನ ನೆನಪಿನಲ್ಲಿಲ್ಲ. 2024ರ ಮೇ 8ರಂದು ಹೈದರಾಬಾದಿನಲ್ಲಿ, ಅವನು ನಾಯಕನಾಗಿದ್ದ ಲಖನೌ ತಂಡ ಒಡ್ಡಿದ ಗುರಿಯನ್ನು ಎದುರಾಳಿಗಳು ವಿಕೆಟ್ ನಷ್ಟವಿಲ್ಲದೆ 9.4 ಓವರುಗಳಲ್ಲಿ ಮುಟ್ಟಿದ ಮೇಲೆ, ತಂಡದ ಮಾಲೀಕರು ಮೈದಾನದಲ್ಲಿಯೇ ಅವನೊಡನೆ ಕೈಯಾಡಿಸುತ್ತ ಮಾತಾಡಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಮಾತು ಕೇಳಿಸಲಿಲ್ಲ, ಭಂಗಿ ಮಾತ್ರ ಕಂಡಿತು, ಅಷ್ಟೇ ಸಾಕಾಯಿತು. ಆ ರಾತ್ರಿಯಿಂದ 'ರಾಹುಲ್ ಮನೆಗೆ ಬರಲಿ' ಎಂಬ ಕೂಗು ಎದ್ದಿತು. ಆದರೆ ಕೂಗಿದವರೇ ಮರುಕ್ಷಣದಲ್ಲಿ ಅವನ ಸ್ಟ್ರೈಕ್ ರೇಟನ್ನು ಎತ್ತಿ ಹಿಡಿದು, ಮನೆಗೆ ಬರುವ ಮಗನಿಗೆ ಎಷ್ಟು ಕೋಟಿ ಮೀರಿ ಕೊಡಬಾರದೆಂದು ಗೆರೆ ಎಳೆದರು! ನವೆಂಬರ್ 24ರಂದು ಜೆಡ್ಡಾದ ಹರಾಜಿನಲ್ಲಿ ಅವನು 14 ಕೋಟಿಗೆ ಡೆಲ್ಲಿಯವನಾದನು.

ಮುಂದಿನದು ಎಲ್ಲರೂ ಬಲ್ಲ ಕಥೆ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 53 ಎಸೆತಗಳಿಗೆ ಅಜೇಯ 93 ಹೊಡೆದು ಬೆಂಗಳೂರನ್ನು ಸೋಲಿಸಿದ ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು, ಇದು ನನ್ನ ಜಾಗ ಎಂಬಂತೆ ಅದನ್ನು ಊರಿ ನಿಂತನು. ಆ ಭಂಗಿ 'ಕಾಂತಾರ' ಚಿತ್ರದಿಂದ ಬಂದುದೆಂದು ಆಮೇಲೆ ತಾನೇ ಹೇಳಿದನು. ಅವನನ್ನು ತರಬೇಕಿತ್ತೆಂದವರು ಗೆದ್ದೆವೆಂದರು. ಜೂನ್ 3ರಂದು ಅವನಿಲ್ಲದ ಬೆಂಗಳೂರು ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಹದಿನೆಂಟನೆಯ ಋತುವಿನಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ, ತರಬಾರದಿತ್ತೆಂದವರು ಗೆದ್ದೆವೆಂದರು. ಎರಡು ಪಕ್ಷಗಳೂ ಗೆಲ್ಲಬಹುದಾದ ಈ ವಾದದಲ್ಲಿ ಫಲಿತಾಂಶ ಪ್ರಮಾಣವಲ್ಲ. ವಿನಿಮಯವೊಂದು ಸರಿಯೋ ತಪ್ಪೋ ಎಂಬುದನ್ನು ಅದು ನಡೆದ ದಿನ ಇದ್ದ ತಿಳಿವಳಿಕೆಯಿಂದ ಅಳೆಯಬೇಕಲ್ಲದೆ, ಮುಂದೆ ಬಂದ ಕಪ್ಪಿನಿಂದ ಅಳೆಯಲಾಗದು.

ಕೊಡಗಿನವರಿಗೆ ಇದನ್ನು ಕಲಿಸಬೇಕಾದ ಪ್ರಕರಣ ಬಹಳ ಹಿಂದೆಯೇ ನಡೆದಿತ್ತು. ಮೊದಲ ಋತುವಿನಲ್ಲಿ ಎಂಟು ತಂಡಗಳ ಪೈಕಿ ಏಳನೆಯದಾಗಿದ್ದ ಬೆಂಗಳೂರು, 2009ರಲ್ಲಿ ವೇಗದ ಬೌಲರ್ ಜಹೀರ್ ಖಾನನನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪನನ್ನು ಪಡೆಯಿತು. ಹಾಕಿ ಅಂಪೈರರಾಗಿದ್ದ ಕೊಡವ ತಂದೆಗೂ ಮಲಯಾಳಿ ತಾಯಿಗೂ ಹುಟ್ಟಿದ ಉತ್ತಪ್ಪನಿಗಿಂತ ಮಾಕುಟ್ಟದ ಬೆಂಚಿಗೆ ಸಮೀಪನಾದ ಆಟಗಾರ ಇನ್ನೊಬ್ಬನಿಲ್ಲ. ಆ ವರ್ಷ ಬೆಂಗಳೂರು ಅಂತಿಮ ಪಂದ್ಯವನ್ನು ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತಿತು, ಅದೂ ಆರೇ ರನ್ನಿನಿಂದ. ಉತ್ತಪ್ಪ ಆಮೇಲೆ ಪುಣೆಗೆ, ಅಲ್ಲಿಂದ ಕೋಲ್ಕತ್ತಕ್ಕೆ ಹೋಗಿ 2014ರಲ್ಲಿ 660 ರನ್ ಗಳಿಸಿ ಅಗ್ರಸ್ಥಾನಿಯಾದನು. 2021ರ ಜನವರಿಯಲ್ಲಿ, ಮುಗಿದ ಆಟಗಾರನೆಂದು ಜನ ಬಗೆದಿದ್ದ ವಯಸ್ಸಿನಲ್ಲಿ, ರಾಜಸ್ಥಾನ ಅವನನ್ನು ಚೆನ್ನೈಗೆ ಬಿಟ್ಟುಕೊಟ್ಟಿತು. ಆ ವರ್ಷದ ಅರ್ಹತಾ ಪಂದ್ಯದಲ್ಲಿ ಡೆಲ್ಲಿಯ ವಿರುದ್ಧ 63, ಅಂತಿಮ ಪಂದ್ಯದಲ್ಲಿ 15 ಎಸೆತಗಳಿಗೆ 31. ಊರಿನ ಮಗನೆಂಬ ಕಾರಣಕ್ಕೆ ಅವನನ್ನು ಎಲ್ಲಿಯೂ ಇಟ್ಟುಕೊಳ್ಳಲಿಲ್ಲ, ಎಲ್ಲಿಂದಲೂ ಬಿಡಲಿಲ್ಲ. ಅವನ ವೃತ್ತಿಜೀವನ ಶುದ್ಧ ಮಾರುಕಟ್ಟೆಯದು, ಆ ಕಾರಣದಿಂದಲೇ ನನಗೆ ಅದು ಪ್ರಾಮಾಣಿಕವಾಗಿ ಕಾಣುತ್ತದೆ.

ಸೇತುವೆಯಾಚೆಯವರಿಗೆ ಇಂತಹದೇ ಪಾಠ ಕಾಲ್ಚೆಂಡಿನಿಂದ ಬಂದಿತು. ಕಣ್ಣೂರಿನ ಮನೆತನದ ಸಹಲ್ ಅಬ್ದುಲ್ ಸಮದ್‌ನನ್ನು 2023ರ ಜುಲೈಯಲ್ಲಿ ಕೇರಳ ಬ್ಲಾಸ್ಟರ್ಸ್ ಮೋಹನ್ ಬಾಗಾನಿಗೆ ಬಿಟ್ಟುಕೊಟ್ಟು ಪ್ರೀತಮ್ ಕೋಟಲ್‌ನನ್ನೂ ಹಣವನ್ನೂ ಪಡೆಯಿತು. ಸಹಲ್ ಕೋಲ್ಕತ್ತದಲ್ಲಿ ಪ್ರಶಸ್ತಿಗಳನ್ನು ಕಂಡನು. ಬ್ಲಾಸ್ಟರ್ಸ್ ಐಎಸ್ಎಲ್ ಕಪ್ಪನ್ನು ಇನ್ನೂ ಕಂಡಿಲ್ಲ. ಇರಿಟ್ಟಿಯ ವ್ಯಾಪಾರಿ ಸಂಜುವಿನ ಪರವಾಗಿ ಅಷ್ಟು ಆಸ್ಥೆಯಿಂದ ವಾದಿಸಿದುದಕ್ಕೆ ಈ ಹಳೆಯ ಗಾಯವೂ ಕಾರಣವಿರಬೇಕೆಂದು ನನ್ನ ಊಹೆ.

ಕೊನೆಗೆ 2025ರ ನವೆಂಬರ್ 15ರಂದು ವಿನಿಮಯ ಅಧಿಕೃತವಾಯಿತು: ಸಂಜು ಚೆನ್ನೈಗೆ, ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ. ಹಿಂದಿನ ಋತುವಿನಲ್ಲಿ ಹತ್ತನೆಯದಾದ ತಂಡಕ್ಕೂ ಒಂಬತ್ತನೆಯದಾದ ತಂಡಕ್ಕೂ ನಡೆದ ವ್ಯವಹಾರಕ್ಕೆ ಇಷ್ಟು ಕೋಲಾಹಲವೇ ಎಂದು ಹೊರಗಿನವರು ಕೇಳಬಹುದು. ಆದರೆ ಈ ಚರ್ಚೆಯ ಪೂರ್ಣ ಮೌಲ್ಯಮಾಪನಕ್ಕೆ ಸಂಜುವಿಗಿಂತ ಜಡೇಜನೇ ಹೆಚ್ಚು ಉಪಯುಕ್ತನಾದ ಸಾಕ್ಷಿ, ಏಕೆಂದರೆ ಮೂರು ತಿಂಗಳ ಕಾಲ ಅವನ ಹೆಸರು ಪ್ರತಿ ವಾಕ್ಯದಲ್ಲಿಯೂ ಬಂದಿತು, ಆದರೆ ಅವನ ಮನಸ್ಸು ಒಂದರಲ್ಲಿಯೂ ಬರಲಿಲ್ಲ.

ಅವನ ಇತಿಹಾಸವನ್ನು ಸ್ಮರಿಸೋಣ. 2008ರಲ್ಲಿ ಪ್ರಥಮ ಪ್ರಶಸ್ತಿ ಗೆದ್ದ ರಾಜಸ್ಥಾನದಲ್ಲಿ ಅವನು ಹತ್ತೊಂಬತ್ತರ ಹುಡುಗ. ಒಪ್ಪಂದವನ್ನು ನವೀಕರಿಸದೆ ಬೇರೆ ತಂಡದೊಡನೆ ಮಾತುಕತೆ ನಡೆಸಿದನೆಂಬ ಕಾರಣಕ್ಕಾಗಿ 2010ರ ಇಡೀ ಋತು ಅವನನ್ನು ನಿಷೇಧಿಸಲಾಯಿತು. ಅಂದರೆ ಸಂಜು ಹದಿನೈದು ವರ್ಷಗಳ ನಂತರ ಮಾಡಿದನೆಂದು ವರದಿಯಾದುದಕ್ಕಿಂತ ಬಹಳ ಬೇರೆಯಲ್ಲದ ಒಂದು ಇಚ್ಛೆಗೆ ಅಂದು ಶಿಕ್ಷೆ ದೊರೆತಿತ್ತು. 2011ರಲ್ಲಿ ಅವನು ಆಡಿದುದು ಒಂದೇ ವರ್ಷ ಬಾಳಿದ ಕೊಚ್ಚಿ ಟಸ್ಕರ್ಸ್ ಕೇರಳ ತಂಡಕ್ಕೆ, ಎಂದರೆ ಈ ಬೆಂಚಿನ ಅರ್ಧ ಜನರ ತಂಡಕ್ಕೆ. ಅದನ್ನು ನೆನೆದವರು ಒಬ್ಬರೂ ಇರಲಿಲ್ಲ. 2012ರಿಂದ ಚೆನ್ನೈ, ನಡುವೆ ಎರಡು ವರ್ಷ ಗುಜರಾತ್ ಲಯನ್ಸ್, 2022ರಲ್ಲಿ ಹೆಗಲೇರಿದ ನಾಯಕತ್ವ ಎಂಟು ಪಂದ್ಯಗಳಲ್ಲಿಯೇ ಇಳಿದ ಪ್ರಸಂಗ, 2023ರ ಅಂತಿಮ ಪಂದ್ಯದಲ್ಲಿ, ಅಹಮದಾಬಾದಿನಲ್ಲಿ ನಡುರಾತ್ರಿ ಕಳೆದ ಮೇಲೆ, ಕೊನೆಯ ಎರಡು ಎಸೆತಗಳಿಗೆ ಹತ್ತು ಬೇಕಾಗಿದ್ದಾಗ ಒಂದು ಸಿಕ್ಸರ್, ಒಂದು ಬೌಂಡರಿ. ಒಕ್ಕದ ಅಳತೆಯನ್ನು ಪ್ರಾಮಾಣಿಕವಾಗಿ ಹಿಡಿದಿದ್ದರೆ, 'ಬೆಳೆಸಿದ ಮನೆ'ಯ ಮಾತು ಎಲ್ಲರಿಗಿಂತ ಮೊದಲು ಇವನ ಪರವಾಗಿ ಏಳಬೇಕಾಗಿತ್ತು. ಹಳದಿ ಜೆರ್ಸಿಯ ಯುವಕ ಅವನ ವಯಸ್ಸನ್ನು ಹೇಳಿದನು. ಕೆಂಪು ಜೆರ್ಸಿಯವನು ಅವನ ಕಳೆದ ಋತುವಿನ ವಿಕೆಟ್ಟುಗಳನ್ನು ಎಣಿಸಿದನು.

ಮುನಿದವನೆಂದು ಪ್ರಸಿದ್ಧನಾದ ಸಂಜುವಿನ 18 ಕೋಟಿ ವಿನಿಮಯದಲ್ಲಿ ಹಾಗೆಯೇ ಉಳಿಯಿತು. ಮುನಿಸಿನ ಸುದ್ದಿಯೇ ಇಲ್ಲದೆ ವಿನಿಮಯದ ಪದಾರ್ಥವಾದ ಜಡೇಜನ ಸಂಭಾವನೆ 18 ಕೋಟಿಯಿಂದ 14ಕ್ಕೆ ಇಳಿಯಿತು. ಮರುದಿನ ಮಾಕುಟ್ಟದಲ್ಲಿ ಆ ನಾಲ್ಕು ಕೋಟಿಯ ಪ್ರಸ್ತಾಪ ಬಂದುದು ನಿಜ. ಅದನ್ನಿಟ್ಟುಕೊಂಡು ರಾಜಸ್ಥಾನ ಮುಂದಿನ ಹರಾಜಿನಲ್ಲಿ ಯಾವ ಸ್ಪಿನ್ನರನ್ನು ಕೊಳ್ಳಬೇಕೆಂಬುದೇ ಅಂದಿನ ವಾದವಾಗಿತ್ತು.